ಚಂದ್ರನ ಮೇಲೆ ಎತ್ತಿದ ಕೈ

ಗ್ಲೆಂಡೇಲ್, ಕ್ಯಾಲಿಫೋರ್ನಿಯಾ
೯ ಮಾರ್ಚ್ ೧೯೬೯

ಓಡೆಲ್,

ಇಪ್ಪತ್ತು ವರ್ಷದ ಮೇಲೆ ಕಾಗದ ಬರೆಯುವವರು ಮೊದಲು ಕ್ಷೇಮ ಸಮಾಚಾರ ಕೇಳುತ್ತಾರೆ. ನಾನು ಜಗಳ ಆಡಲು ಬರೆಯುತ್ತಿದ್ದೇನೆ, ಆದ್ದರಿಂದ ಕ್ಷೇಮ ಕೊನೆಯಲ್ಲಿ. ನಿನ್ನ ವಿಳಾಸ ಕೊಟ್ಟವನು ಕ್ಲೈಡ್. ನಮ್ಮ ಚಂದ್ರನ ಸಿನಿಮಾದಲ್ಲಿ ನಟರನ್ನು ತಂತಿಗೆ ಕಟ್ಟಿ ತೇಲಿಸುತ್ತಿದ್ದನಲ್ಲ, ಅವನೇ. ಈಗಲೂ ಬೀದಿಯಲ್ಲಿ ಸಿಕ್ಕರೆ ಮೇಲೆ ನೋಡಿಕೊಂಡೇ ನಡೆಯುತ್ತಾನೆ.

ವಿಷಯ ಇಷ್ಟು. ಮೊನ್ನೆ ಟಿವಿಯಲ್ಲಿ ರಾಯ್ಸ್ ಟಿಲಾಂಡರ್ ಬಂದಿದ್ದ. ಈ ಬೇಸಿಗೆಯಲ್ಲಿ ಮನುಷ್ಯರು ನಿಜವಾಗಿಯೂ ಚಂದ್ರನ ಮೇಲೆ ಇಳಿಯುತ್ತಾರಂತಲ್ಲ, ಅದಕ್ಕೆಂದು ನಮ್ಮ ಹಳೆಯ ಚಿತ್ರದ ನಾಯಕನನ್ನು ಎಲ್ಲಿಂದಲೋ ಹುಡುಕಿ ತಂದು ಸೋಫಾದ ಮೇಲೆ ಕೂರಿಸಿದ್ದರು. ಕೂದಲಿಗೆ ಬೂಟ್ ಪಾಲಿಶ್ ಹಚ್ಚಿದಂತಿತ್ತು. ಚಿತ್ರದ ಕೊನೆಯ ದೃಶ್ಯವನ್ನು ತೋರಿಸಿದರು. ಬೂದಿ ಬಣ್ಣದ ಬಯಲು, ತುಂಬ ದೂರದಲ್ಲಿ ಒಬ್ಬನೇ ಒಬ್ಬ ನಿಂತಿದ್ದಾನೆ, ನಿಧಾನವಾಗಿ ಬಲಗೈ ಎತ್ತುತ್ತಾನೆ. ಆಮೇಲೆ ಕತ್ತಲೆ.

"ಅದು ಸ್ಕ್ರಿಪ್ಟಲ್ಲಿ ಇರ್ಲೇ ಇಲ್ಲ ಕಣ್ರೀ," ಅಂದ ರಾಯ್ಸ್. "ಊರಲ್ಲಿದ್ದ ನಮ್ಮಮ್ಮ ನೆನಪಾದ್ರು. ಕೈ ತಾನಾಗೇ ಮೇಲೆ ಹೋಯ್ತು."

ಸ್ಟುಡಿಯೋದಲ್ಲಿ ಅವನ ಎದುರು ಕೂತಿದ್ದ ಹೆಂಗಸರು ಕಣ್ಣು ಒರೆಸಿಕೊಂಡರು. ನಾನು ಟಿವಿ ಆರಿಸಿದೆ. ಆ ದೃಶ್ಯ ತೆಗೆಯುವಾಗ ಅವನು ತನ್ನ ಕೋಣೆಯಲ್ಲಿ ಕಾಲು ಚಾಚಿಕೊಂಡು ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಅವನ ಅಂಗಿಯ ಮೇಲೆ ಬಿದ್ದ ಸಾಸಿವೆ ಗೊಜ್ಜನ್ನು ಒರೆಸಿ ಬಂದವಳೇ ನಾನು.

ನಮಗೆ ಬೇಕಾಗಿದ್ದದ್ದು ಹರದಾರಿಗಟ್ಟಲೆ ಚಂದ್ರ, ಇದ್ದದ್ದು ಒಂದೇ ಶೆಡ್ಡು. ಅದಕ್ಕೇ ತುಂಬ ದೂರ ಇರುವಂತೆ ಕಾಣಲೆಂದು ಹಿಂದಿನ ಬಂಡೆಗಳನ್ನು ಸಣ್ಣದಾಗಿ ಮಾಡಿದರು, ಹಿಂದೆ ನಿಲ್ಲಲು ಕುಳ್ಳ ಮನುಷ್ಯನನ್ನು ತಂದರು. ಆ ಮನುಷ್ಯ ನೀನು. ರಾಯ್ಸ್‌ನ ಉಡುಪಿನ ತದ್ರೂಪನ್ನು ನಿನ್ನ ಅಳತೆಗೆ ಹೊಲಿದವಳು ನಾನು. ಗುಂಡಿ, ಪಟ್ಟಿ, ಕೊಳವೆ ಎಲ್ಲವನ್ನೂ ಕಿರಿದು ಮಾಡಿದ ಮೇಲೂ ಬಟ್ಟೆಯ ಸುಕ್ಕು ಮಾತ್ರ ದೊಡ್ಡದಾಗಿಯೇ ಬೀಳುತ್ತಿತ್ತು. ಆ ದಪ್ಪ ಬಟ್ಟೆಯನ್ನು ಬಿಸಾಕಿ, ಕಿಟಕಿಯ ಪರದೆಯ ತೆಳು ಬಟ್ಟೆ ತಂದು, ಒಗೆದು ಒಗೆದು ಮೆತ್ತಗೆ ಮಾಡಿ ಮತ್ತೆ ಹೊಲಿದೆ. ಆ ತೋಳಿನ ಒಂದೊಂದು ಸುಕ್ಕೂ ನನಗೆ ಗೊತ್ತು. ಎದ್ದದ್ದು ನಿನ್ನ ಕೈ.

ಪತ್ರಿಕೆಗೆ ಬರೆದು ಹೇಳು. ಪತ್ರಿಕೆಗೆ ಬೇಡವೆಂದರೆ ನನಗಾದರೂ ಹೇಳು, ಅದನ್ನು ಯಾರಿಗೆಂದು ಎತ್ತಿದೆ.

ಹಾರ್ಲನ್ ಎಂಬವರನ್ನು ಮದುವೆಯಾಗಿದ್ದೆ. ತೀರಿಕೊಂಡು ಎರಡು ವರ್ಷವಾಯಿತು. ನೀನು ಕ್ಷೇಮವೇ?

ಇನ್ನೂ ಕೋಪದಲ್ಲಿರುವ,
ವರ್ನಾ


ಗಿಬ್ಸನ್‌ಟನ್, ಫ್ಲೋರಿಡಾ
೨ ಏಪ್ರಿಲ್ ೧೯೬೯

ವರ್ನಾ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಗೊತ್ತಾಯಿತು. ಪೆನ್ನನ್ನೂ ಸೂಜಿಯ ಹಾಗೆ ಚುಚ್ಚಿ ಬರೆಯುವವಳು ನೀನೊಬ್ಬಳೇ. ನಾನು ಕ್ಷೇಮ. ಹಾರ್ಲನ್ ವಿಷಯ ಓದಿ ಬೇಸರವಾಯಿತು, ಅದು ನಿಜವಾದ ಮಾತು.

ಇದು ಮೇಳ, ಸರ್ಕಸ್ಸಿನವರ ಊರು. ಚಳಿಗಾಲದಲ್ಲಿ ಎಲ್ಲರೂ ಇಲ್ಲಿಗೆ ಬಂದು ಬೀಳುತ್ತಾರೆ. ನಾನು ಹನ್ನೆರಡು ವರ್ಷ ಮೇಳದ ಜೊತೆ ಅಲೆದು, ಈಗ ಹೊಳೆಯ ಪಕ್ಕ ಮೀನಿನ ಗಾಳ, ಎರೆಹುಳು ಮತ್ತು ಕಾಫಿ ಮಾರುತ್ತೇನೆ. ಗಿರಾಕಿಗಳು ಹುಳುವಿಗಿಂತ ಕಾಫಿಯ ಬಗ್ಗೆ ಹೆಚ್ಚು ದೂರುತ್ತಾರೆ. ಅಂಚೆ ಕಚೇರಿಯಲ್ಲಿ ನನ್ನಂಥವರಿಗೆ ತಗ್ಗಾದ ಕೌಂಟರು ಇದೆ, ಕತ್ತು ಎತ್ತದೆ ಸ್ಟಾಂಪು ಕೊಳ್ಳಬಹುದು. ಪಕ್ಕದ ಮನೆಯ ಬಾರ್ಟ್ ಏಳೂವರೆ ಅಡಿ ಇದ್ದಾನೆ. ಇಬ್ಬರೂ ಜೊತೆಯಲ್ಲಿ ರಸ್ತೆಗೆ ಇಳಿದರೂ ಇಲ್ಲಿ ಒಂದು ನಾಯಿಯೂ ತಿರುಗಿ ನೋಡುವುದಿಲ್ಲ. ಆ ಸುಖ ನಿನಗೆ ಅರ್ಥವಾಗಲಿಕ್ಕಿಲ್ಲ.

ಪತ್ರಿಕೆಗೆ ನಾನು ಬರೆಯುವುದಿಲ್ಲ. ರಾಯ್ಸ್ ಕೆಟ್ಟವನಲ್ಲ. ಕಾಫಿ ತರಿಸಿದಾಗಲೆಲ್ಲ ನನಗೂ ತರಿಸುತ್ತಿದ್ದ. ಇಪ್ಪತ್ತು ವರ್ಷ ಸಿಕ್ಕವರೆಲ್ಲ "ಆ ಕೈ ಎತ್ತಿದ್ರಲ್ಲ ಸಾರ್, ಅದೇ ಅದು" ಅಂದರೆ ಎಂಥವನಿಗೂ ತಾನೇ ಎತ್ತಿದೆ ಅನಿಸಿಬಿಡುತ್ತದೆ. ನನ್ನ ಕೆಲಸವೇ ಅವನಾಗುವುದು, ಚೆನ್ನಾಗಿ ಆಗಿದ್ದೆ ಅಂತಾಯಿತು. ನೆನಪಿಲ್ಲವೇ, ಪತ್ರಿಕೆಯವರು ಬಂದರೆ ನನ್ನನ್ನು ಹಿಂಬಾಗಿಲಿನಿಂದ ಕಳಿಸುತ್ತಿದ್ದರು. ಇಬ್ಬರನ್ನೂ ಒಟ್ಟಿಗೆ ನೋಡಿದರೆ ಚಂದ್ರ ಪುನಃ ಶೆಡ್ಡಾಗಿಬಿಡುತ್ತದೆ ಎಂದು. ನನಗೆ ಅದರಲ್ಲಿ ಬೇಸರವೇನೂ ಇರಲಿಲ್ಲ. ಸ್ವಲ್ಪ ಇತ್ತು.

ಯಾರಿಗೆ ಎತ್ತಿದೆ ಎಂದು ಕೇಳಿದ್ದೀಯ. ಹೆಲ್ಮೆಟ್ಟಿನೊಳಗೆ ಒಂದು ನೊಣ ಸೇರಿತ್ತು. ಓಡಿಸಲು ಕೈ ಎತ್ತಿದೆ, ಗಾಜು ಅಡ್ಡ ಇದೆ ಎಂದು ಆಮೇಲೆ ನೆನಪಾಯಿತು.

ಕಾಫಿ ಕೆಟ್ಟದಾಗಿ ಮಾಡುವ,
ಓಡೆಲ್


ಗ್ಲೆಂಡೇಲ್
೨೦ ಏಪ್ರಿಲ್ ೧೯೬೯

ಓಡೆಲ್,

ನೊಣವಂತೆ. ನಾಚಿಕೆಯಾಗಬೇಕು ನಿನಗೆ.

ನೀನು ಮರೆತಂತೆ ನಟಿಸುವುದಾದರೆ ನಾನೇ ಹೇಳುತ್ತೇನೆ, ಕೇಳು. ಚಿತ್ರೀಕರಣ ಮುಗಿಯುವ ವಾರಕ್ಕೆ ಹಿಂದಿನ ಭಾನುವಾರ ನಾವಿಬ್ಬರೂ ವೈನ್ ಸ್ಟ್ರೀಟಿನ ಆ ಹೋಟೆಲಿಗೆ ಹೋಗಿದ್ದೆವು. ಬಡಿಸುವ ಹುಡುಗಿ ನಿನ್ನ ಮುಖವನ್ನೇ ನೋಡದೆ ನನ್ನನ್ನು ಕೇಳಿದಳು, "ಮಗೂಗೆ ಏನ್ ತರ್ಲಿ ಮೇಡಂ?"

ನೀನು ಮೆನು ಕೆಳಗಿಟ್ಟು, ನಿನ್ನ ಆ ದಪ್ಪ ಗಂಟಲಿನಲ್ಲಿ ಹೇಳಿದೆ: "ಮಗೂಗೆ ಒಂದು ಕಡು ಕಾಫಿ, ಒಂದು ಪ್ಯಾಕೆಟ್ ಸಿಗರೇಟು, ಆಮೇಲೆ ಇವತ್ತಿನ ಕುದುರೆ ರೇಸಿನ ಪೇಪರು."

ಹೋಟೆಲೆಲ್ಲ ನಕ್ಕಿತು. ನೀನೂ ನಕ್ಕೆ. ನಾನು ನಗಲಿಲ್ಲ, ನನ್ನ ಮುಖ ಸುಡುತ್ತಿತ್ತು. ಅದಾದ ಮೇಲೆ ನೀನು ಬಾಯಿ ತುಂಬ ಸೇಬಿನ ಪೈ ಇಟ್ಟುಕೊಂಡು ಕೇಳಿದೆ, "ವರ್ನಾ, ನನ್ನ ಮದ್ವೆ ಆಗ್ತೀಯಾ?"

"ನುಂಗಿ ಮಾತಾಡು."

"ನುಂಗಿದ್ರೆ ಧೈರ್ಯಾನೂ ಒಳಗೆ ಹೋಗ್ಬಿಡುತ್ತೆ."

ನಾನು ಯೋಚಿಸಬೇಕು ಅಂದೆ. ಕೊನೆಯ ದಿನ ಹೇಳುತ್ತೇನೆ, ಆದರೆ ಆ ಗುಂಪಿನ ಮುಂದೆ ಬಾಯಿಬಿಟ್ಟು ಹೇಳಲಾರೆ ಅಂದೆ. ಆಗ ಇಬ್ಬರೂ ಸೇರಿ ಒಂದು ಉಪಾಯ ಮಾಡಿದೆವು. ಕೊನೆಯ ದೃಶ್ಯದಲ್ಲಿ ನೀನು ಅಲ್ಲಿಂದ ಕೈ ಎತ್ತಿ ಕೇಳುವುದು. ಹೌದಾದರೆ ನಾನು ಕ್ಯಾಮೆರಾದ ಪಕ್ಕದಲ್ಲಿ ನನ್ನ ಮಾಮೂಲಿ ಜಾಗದಲ್ಲಿ ನಿಂತು ಕೈ ಎತ್ತುವುದು. ಇಲ್ಲವಾದರೆ ಸುಮ್ಮನಿರುವುದು. ಯಾರಿಗೂ ತಿಳಿಯುವುದಿಲ್ಲ.

ನೀನು ಎತ್ತಿದೆ. ನಾನೂ ಎತ್ತಿದೆ, ಓಡೆಲ್. ಮಣಿಕಟ್ಟಿಗೆ ಕಟ್ಟಿಕೊಂಡಿದ್ದ ಗುಂಡುಸೂಜಿಯ ದಿಂಬಿನ ಸಮೇತ, ತೋಳು ನೋಯುವಷ್ಟು ಮೇಲಕ್ಕೆ ಎತ್ತಿ ಹಿಡಿದಿದ್ದೆ. ಪಕ್ಕದ ಕ್ಯಾಮೆರಾದವನು "ಏನಮ್ಮಾ, ಬಾತ್‌ರೂಮಿಗೆ ಹೋಗ್ಬೇಕಾ?" ಎಂದು ಕೇಳಿದ. ಆದರೂ ಇಳಿಸಲಿಲ್ಲ.

ಅಷ್ಟರಲ್ಲಿ ಪತ್ರಿಕೆಯವರು ನುಗ್ಗಿದರು. ರಾಯ್ಸ್‌ನ ಕಾಲರು ಸರಿಮಾಡಲು ನನ್ನನ್ನು ಎಳೆದುಕೊಂಡು ಹೋದರು. ನಾನು ಹೆಲ್ಮೆಟ್ಟು ಬಿಚ್ಚಲು ಓಡಿಬರುವ ಹೊತ್ತಿಗೆ ನಿನ್ನ ಉಡುಪು ಮೊಳೆಗೆ ನೇತಾಡುತ್ತಿತ್ತು. ಮರುದಿನ ನಿನ್ನ ಬಾಡಿಗೆ ಮನೆಗೆ ಹೋದೆ. ಯಜಮಾನಿ, "ನಿನ್ನೆ ಸಾಯಂಕಾಲಾನೇ ಬಸ್ ಹತ್ತಿದ್ನಲ್ಲಮ್ಮ, ನಿಂಗೆ ಹೇಳ್ಲಿಲ್ವಾ?" ಅಂದಳು. ಹೇಳಿರಲಿಲ್ಲ.

ಹೌದು ಅಂದ ಹೆಣ್ಣನ್ನು ಬಿಟ್ಟು ಓಡಿಹೋದವನು ನೀನು. ಈಗ ನೊಣದ ಕತೆ ಹೇಳುತ್ತೀಯ. ಆ ಕೈಯನ್ನು ನನಗೆಂದು ಎತ್ತಿದ್ದು ಎಂಬ ಒಂದನ್ನು ಇಷ್ಟು ವರ್ಷ ಜೋಪಾನ ಮಾಡಿಕೊಂಡು ಬಂದಿದ್ದೆ. ನೀನು ಬಿಟ್ಟುಹೋದ ಮೇಲೂ ಅದು ನನ್ನದು ಅಂದುಕೊಂಡಿದ್ದೆ. ಅದನ್ನು ರಾಯ್ಸ್‌ನ ಅಮ್ಮ ತೆಗೆದುಕೊಂಡಳು, ಉಳಿದದ್ದನ್ನು ನೊಣ ತಿಂದಿತು.

ಉತ್ತರ ಬರೆಯಬೇಕೆಂದಿಲ್ಲ.

ವರ್ನಾ ಹ್ಯಾಸ್ಕೆಟ್


ಗಿಬ್ಸನ್‌ಟನ್
೧೫ ಜೂನ್ ೧೯೬೯

ವರ್ನಾ,

ನಿನ್ನ ಕಾಗದ ಓದಿ ಅಂಗಡಿಯ ಬಾಗಿಲು ಹಾಕಿದೆ. ಗಾಳ ಕೊಳ್ಳಲು ಬಂದವರು ಬಡಿದು ಬಡಿದು ಹೋದರು. ಆಮೇಲೆ ಬರೆಯಲು ಕೂತೆ, ಹರಿದೆ. ಹಾಗೇ ಮೇ ತಿಂಗಳು ಕಳೆಯಿತು. ತಮಾಷೆ ಮಾಡದೆ ಬರೆಯುವುದು ನನಗೆ ಅಭ್ಯಾಸವಿಲ್ಲ, ತಪ್ಪಿದರೆ ಹೊಟ್ಟೆಗೆ ಹಾಕಿಕೊ.

ನೀನು ಕೈ ಎತ್ತಿದ್ದೆಯಾ?

ನನಗೆ ಕಾಣಿಸಲಿಲ್ಲ. ದೇವರಾಣೆ, ವರ್ನಾ, ನನಗೆ ಏನೂ ಕಾಣಿಸಲಿಲ್ಲ.

ಆ ಪ್ರೊಫೆಸರ್ ನೆನಪಿದ್ದಾನಾ, ಚಂದ್ರನ ಮೇಲೆ ಏನು ಹೇಗಿರುತ್ತದೆ ಎಂದು ಹೇಳಲು ಇಟ್ಟುಕೊಂಡಿದ್ದರಲ್ಲ? ಅದುವರೆಗೂ ಶೆಡ್ಡಿನ ನಾಲ್ಕೂ ಕಡೆ ದೀಪ ಇರುತ್ತಿತ್ತು. ಆ ಬೆಳಕು ನಿಮ್ಮ ಕಡೆಗೂ ಚೆಲ್ಲುತ್ತಿತ್ತು. ನಾನು ಬಂಡೆಗಳ ಹಿಂದೆ ನಿಂತರೆ ನಿನ್ನ ನೀಲಿ ಏಪ್ರನ್ನು, ದಿಂಬಿನ ಮೇಲೆ ಮಿನುಗುವ ಸೂಜಿ, ನೀನು ಆಕಳಿಸುವುದು ಎಲ್ಲ ಕಾಣುತ್ತಿತ್ತು. ಆ ನಂಬಿಕೆಯ ಮೇಲೆಯೇ ನಾವು ಆ ಉಪಾಯ ಮಾಡಿದ್ದು. ಕೊನೆಯ ದಿನ ಬೆಳಿಗ್ಗೆ ಪ್ರೊಫೆಸರ್ ನಿರ್ದೇಶಕರ ಹತ್ತಿರ ಹಟ ಹಿಡಿದ. "ಇದೇನ್ರೀ, ನಾಲ್ಕ್ ನಾಲ್ಕ್ ನೆರಳು? ಚಂದ್ರನಿಗೆ ಎಷ್ಟು ಸೂರ್ಯ ಇದಾನೆ? ಗಾಳಿ ಇಲ್ಲದ ಜಾಗ ಅದು. ಬೆಳಕು ಒಂದೇ ಕಡೆಯಿಂದ ಬರ್ಬೇಕು, ನೆರಳು ಮಸಿ ಥರ ಇರ್ಬೇಕು." ನಿರ್ದೇಶಕರಿಗೂ ಹೌದೆನ್ನಿಸಿತು. ಉಳಿದ ದೀಪಗಳನ್ನೆಲ್ಲ ಆರಿಸಿ, ಇದ್ದದ್ದರಲ್ಲಿ ಅತಿ ದೊಡ್ಡ ದೀಪವನ್ನು ಕ್ಯಾಮೆರಾದ ಪಕ್ಕದ ಅಟ್ಟಣಿಗೆಯ ಮೇಲೆ ಏರಿಸಿದರು.

ನಾನು ಅಷ್ಟು ಹೊತ್ತಿಗೆ ಹೆಲ್ಮೆಟ್ಟಿನೊಳಗಿದ್ದೆ. ಕಣ್ಣೆದುರಿಗೆ ಉರಿಯುವ ಒಂದು ಗುಂಡು, ಅದರ ಸುತ್ತ ಬರೀ ಕಪ್ಪು. ಗಾಜಿನ ತುಂಬ ನನ್ನ ಉಸಿರಿನ ಮಂಜು ಬೇರೆ. ನಾನು ಕೈ ಎತ್ತಿದೆ. ಕಾದೆ. ಇಳಿಸಿದರೆ ಎಲ್ಲಿ ನೀನು ಎತ್ತುವುದು ತಪ್ಪಿಹೋಗುತ್ತದೋ ಎಂದು ಇಳಿಸದೆ ಕಾದೆ. ಜನ ಆ ಕೈ ಅಷ್ಟು ಹೊತ್ತು ನಿಂತದ್ದನ್ನೇ ಹೊಗಳುತ್ತಾರೆ, ಏನು ಗಾಂಭೀರ್ಯ ಎನ್ನುತ್ತಾರೆ. ನಾನು ಹುಡುಕುತ್ತಿದ್ದೆ, ಅಷ್ಟೆ.

ಆಮೇಲೆ ಬಂದು ಹೆಲ್ಮೆಟ್ಟು ಬಿಚ್ಚಿದವನು ಕ್ಲೈಡ್. ಯಾವತ್ತೂ ಬರುತ್ತಿದ್ದವಳು ನೀನು. ಅವನು "ಬಾ ಮಾರಾಯ, ಪೇಪರಿನವ್ರು ಬಂದಿದಾರೆ" ಎಂದು ಹಿಂಬಾಗಿಲಿನಿಂದ ಕರೆದುಕೊಂಡು ಹೋದ. ಬಾಗಿಲ ಸಂದಿಯಿಂದ ನೋಡಿದೆ. ನೀನು ರಾಯ್ಸ್‌ನ ಕತ್ತಿನ ಹತ್ತಿರ ಬಗ್ಗಿ ನಿಂತಿದ್ದೆ, ಎಲ್ಲರೂ ನಗುತ್ತಿದ್ದರು. ಉತ್ತರ ಸಿಕ್ಕಿತು ಅಂದುಕೊಂಡೆ. ಹೋಟೆಲಿನಲ್ಲಿ ನಿನ್ನ ಮುಖ ಹೇಗಾಗಿತ್ತೆಂದು ನಾನೂ ನೋಡಿದ್ದೆನಲ್ಲ. ಇಲ್ಲವೆನ್ನಲು ನಿನಗೆ ಎಲ್ಲ ಹಕ್ಕೂ ಇತ್ತು. ಅದನ್ನು ಎರಡನೇ ಸಲ, ಬಾಯಿಮಾತಿನಲ್ಲಿ ಕೇಳಿಸಿಕೊಳ್ಳಲು ನನಗೆ ಧೈರ್ಯವಿರಲಿಲ್ಲ.

ಮೇಳದ ಜೊತೆ ಹೋದ ಊರುಗಳಲ್ಲೆಲ್ಲ ಆ ಸಿನಿಮಾ ಹಾಕಿದ್ದರೆ ಹೋಗಿ ಕೂರುತ್ತಿದ್ದೆ. ಒಹಾಯೋದಲ್ಲಿ ನೋಡಿದೆ, ಟೆನೆಸ್ಸಿಯ ಒಂದು ಸೋರುವ ಟೆಂಟಿನಲ್ಲಿ ನೋಡಿದೆ. ಆದರೆ ಏನು ಬಂತು? ನಾನು ನೋಡುತ್ತಿದ್ದದ್ದು ನೀನು ನಿಂತಿದ್ದ ಜಾಗದಿಂದ. ನಾನೇ ಕಾಣುತ್ತಿದ್ದೆ, ಪ್ರತಿ ಸಲವೂ. ಆ ಸಿನಿಮಾದಲ್ಲಿ ನೀನು ಎಲ್ಲಿಯೂ ಇಲ್ಲ ವರ್ನಾ.

ನೊಣ ಇರಲಿಲ್ಲ. ನಿನಗೇ ಎತ್ತಿದ್ದು.

ಓಡೆಲ್


ಗ್ಲೆಂಡೇಲ್
೨೭ ಜೂನ್ ೧೯೬೯

ಓಡೆಲ್,

ನಿನ್ನ ಕಾಗದವನ್ನು ಅಡಿಗೆಮನೆಯಲ್ಲಿ ನಿಂತುಕೊಂಡೇ ಓದಿದೆ. ಒಲೆಯ ಮೇಲಿದ್ದ ಹುರುಳಿಕಾಯಿ ಸೀದು ಕರಕಾಯಿತು. ಅತ್ತುಬಿಟ್ಟೆ. ಸೀದ ಹೊಗೆಗೆ ಅಂತ ಪಕ್ಕದ ಮನೆಯವಳಿಗೆ ಹೇಳಿದೆ, ನಿನಗೆ ಹಾಗೆ ಹೇಳುವುದಿಲ್ಲ.

ದೀಪ ಆರಿಸಿದ್ದು ನನಗೂ ನೆನಪಿದೆ. ಕತ್ತಲಲ್ಲಿ ನನ್ನ ಸ್ಟೂಲು ಕಾಲಿಗೆ ತಾಗಿ ಬೀಳುವಂತಾಗಿತ್ತು. ನಾವು ಕತ್ತಲಲ್ಲಿ ಇದ್ದೇವೆ ಎಂದು ಗೊತ್ತಿತ್ತು, ಆದರೆ ನಾವು ಕತ್ತಲಲ್ಲಿ ಇದ್ದರೆ ನಿನಗೆ ಕಾಣುವುದಿಲ್ಲ ಎಂಬ ಬುದ್ಧಿ ಓಡಲಿಲ್ಲ. ನನಗೆ ನೀನು ಅಷ್ಟು ನಿಚ್ಚಳವಾಗಿ ಕಾಣುತ್ತಿದ್ದೆ. ಎಲ್ಲರೂ ನಿನ್ನನ್ನೇ ನೋಡುತ್ತಿದ್ದರು. ನಾನು ಹೊಲಿದ ಬಟ್ಟೆ ಸರಿಯಾಗಿ ಸುಕ್ಕಾಗಿತ್ತು. ನನ್ನವನು ಎಷ್ಟು ಚೆನ್ನಾಗಿ ನಿಂತಿದ್ದಾನೆ ಎಂದು ನಾನು ಬೀಗುತ್ತಿದ್ದೆ.

ಹಾರ್ಲನ್ ಒಳ್ಳೆಯ ಮನುಷ್ಯ. ಅವರ ಜೊತೆ ಸುಖವಾಗಿದ್ದೆ, ಅದನ್ನು ಸುಳ್ಳು ಮಾಡಲಾರೆ. ಟಿವಿಯಲ್ಲಿ ನಮ್ಮ ಸಿನಿಮಾ ಬಂದಾಗ ಕೊನೆಯ ದೃಶ್ಯಕ್ಕೆ ಅವರು ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದರು. ನಾನು ಏನೂ ಹೇಳಿರಲಿಲ್ಲ, ಅವರು ಏನೂ ಕೇಳಿರಲಿಲ್ಲ.

ಇನ್ನೊಂದು ಮಾತು. ಆ ಕೈಯ ಉಪಾಯ ಹೊಳೆದದ್ದು ನಿನಗಲ್ಲ, ನನಗೆ. ನೀನಾಗಿದ್ದರೆ ಶೆಡ್ಡಿನ ನಡುವೆ ನಿಂತು ಕೂಗಿ ಕೇಳುತ್ತಿದ್ದೆ. ಯಾರಿಗೂ ತಿಳಿಯದ ಹಾಗೆ ಹೌದು ಅನ್ನಬೇಕೆಂದು ಆಸೆಪಟ್ಟವಳು ನಾನು. ತಂಗಿ ಇಡಾ ನಗುತ್ತಾಳೆ, ಬೀದಿಯಲ್ಲಿ ಜನ ತಿರುಗಿ ನೋಡುತ್ತಾರೆ ಎಂದು ಹೆದರಿದ್ದೆ. ಯಾರಿಗೂ ತಿಳಿಯಲಿಲ್ಲ, ನಿನಗೂ ತಿಳಿಯಲಿಲ್ಲ.

ರಾಯ್ಸ್ ಆ ಕೈಯನ್ನು ತನ್ನ ಅಮ್ಮನಿಗೇ ಇಟ್ಟುಕೊಳ್ಳಲಿ. ಪತ್ರಿಕೆಗೆ ಬರೆಯಬೇಡ. ನನಗೆ ಬೇಕಾದದ್ದು ನನಗೆ ಸಿಕ್ಕಿತು.

ಸಿಕ್ಕಿತು ಎಂದು ಬರೆದು ಕಾಗದ ಮಡಿಸಬೇಕೆಂದಿದ್ದೆ, ಆದರೆ ಅದು ಪೂರ್ತಿ ನಿಜವಲ್ಲ. ನೀನು ಅಲ್ಲಿ ಒಬ್ಬನೇ ಇದ್ದೀಯೋ, ಯಾರಾದರೂ ಇದ್ದಾರೋ, ಬರೆದಿಲ್ಲ. ಒಬ್ಬನೇ ಇದ್ದರೆ, ಮನಸ್ಸೂ ಇದ್ದರೆ, ನೆಟ್ಟಗೆ ಮಾತಿನಲ್ಲಿ ಕೇಳು. ಮನಸ್ಸಿಲ್ಲದಿದ್ದರೆ ಎರೆಹುಳುವಿನ ವಿಷಯ ಬರಿ, ನಾನು ಅರ್ಥ ಮಾಡಿಕೊಳ್ಳುತ್ತೇನೆ.

ನಿನ್ನ,
ವರ್ನಾ


ಗಿಬ್ಸನ್‌ಟನ್
೨೨ ಜುಲೈ ೧೯೬೯

ವರ್ನಾ,

ಬೇಸಿಗೆಯಲ್ಲಿ ಈ ಊರು ಖಾಲಿ. ಮೇಳದವರೆಲ್ಲ ಊರೂರು ಸುತ್ತಲು ಹೋಗಿರುತ್ತಾರೆ, ಉಳಿಯುವವರು ನಮ್ಮಂಥ ಹಳಬರು. ಹೋದ ಬುಧವಾರ ರಾಕೆಟ್ಟು ಹಾರಿದಾಗ ಎಲ್ಲರೂ ಹೊಳೆಯ ದಂಡೆಗೆ ಬಂದು ಮೂಡಣ ದಿಕ್ಕಿಗೆ ನೋಡಿದೆವು. ಬಾರ್ಟ್ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ. "ಮೇಲಿಂದ ಹೇಗ್ ಕಾಣುತ್ತಪ್ಪಾ?" ಅಂದ. "ನಿನ್ನ ಬೋಳುತಲೆ ಕಾಣ್ತಿದೆ," ಅಂದೆ. ದೂರದಲ್ಲಿ ಒಂದು ಬಿಳಿ ಗೀರು ಮೇಲಕ್ಕೆ ಹೋಗಿ ಮಾಯವಾಯಿತು.

ಭಾನುವಾರ ಎಲ್ಲರೂ ನನ್ನ ಅಂಗಡಿಯ ಟಿವಿಯ ಮುಂದೆ. ಮೇಳದಲ್ಲಿ ಚಾಕು ಎಸೆಯುತ್ತಿದ್ದವನ ಹೆಂಡತಿ ಸೆಲ್ಮಾ ಗೋಳೋ ಎಂದು ಅಳುತ್ತಲೇ ಟೀಕೆ ಮಾಡುತ್ತಿದ್ದಳು, "ಇವ್ರೇನು ಹೀಗೆ ಕುಪ್ಪಳಿಸ್ತಾರೆ? ಓಡೆಲ್ಲೇ ಚೆನ್ನಾಗ್ ನಡ್ದಿದ್ದ." ನಡಿಗೆಯಲ್ಲಿ ನಾವು ತಪ್ಪಿದ್ದೆವು ವರ್ನಾ. ನಮ್ಮ ನೆಲದಲ್ಲಿ ಧೂಳೂ ಕಡಿಮೆಯಿತ್ತು. ಆದರೆ ನೆರಳು ನೋಡಿದೆಯಾ? ಮಸಿಯ ಹಾಗೆ ಇತ್ತು, ಒಂದೇ ಕಡೆಯಿಂದ ಬೆಳಕು. ನಿನ್ನ ಕಾಗದ ಬಂದಾಗಿನಿಂದ ಆ ಪ್ರೊಫೆಸರನ್ನು ಬೆಳಿಗ್ಗೆ ಒಂದು ಸಲ ಸಾಯಂಕಾಲ ಒಂದು ಸಲ ಬೈಯುತ್ತಿದ್ದೆ. ಪುಣ್ಯಾತ್ಮ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಇನ್ನು ಬೈಯುವ ಹಾಗೂ ಇಲ್ಲ.

ಅವರು ಅಲ್ಲಿ ಓಡಾಡುವುದನ್ನು ನೋಡುತ್ತ ನನಗೆ ಹೊಟ್ಟೆಕಿಚ್ಚಾಗಲಿಲ್ಲ. ನಮ್ಮ ಶೆಡ್ಡು ನೆನಪಾಯಿತು. ಬಣ್ಣದ ವಾಸನೆ, ಕ್ಲೈಡ್ ಹಾಡು ಗುನುಗುತ್ತ ತಂತಿಗೆ ಬಣ್ಣ ಬಳಿಯುವುದು, ನೀನು ಹಲ್ಲಿನಲ್ಲಿ ಸೂಜಿ ಕಚ್ಚಿಕೊಂಡು ನನ್ನನ್ನು ಬೈಯುವುದು. ಅಲ್ಲಿಗೆ ಹೋಗಲು ಯಾವ ರಾಕೆಟ್ಟೂ ಇಲ್ಲ.

ನಾನು ಒಬ್ಬನೇ ಇದ್ದೇನೆ. ಐವತ್ತೆಂಟು ವರ್ಷ. ಮೊಣಕಾಲು ನೋಯುತ್ತದೆ, ಗೊರಕೆ ಹೊಡೆಯುತ್ತೇನೆ, ಕಾಫಿಯ ವಿಷಯ ಆಗಲೇ ಹೇಳಿದ್ದೇನೆ. ನನ್ನ ಜೊತೆ ರಸ್ತೆಯಲ್ಲಿ ನಡೆದರೆ ಈ ಊರಿನ ಹೊರಗೆ ಜನ ಈಗಲೂ ತಿರುಗಿ ನೋಡುತ್ತಾರೆ. ಅದನ್ನು ಸರಿಮಾಡಲು ನನಗೆ ಸಾಧ್ಯವಾಗಿಲ್ಲ, ಮುಂದೆಯೂ ಆಗುವುದಿಲ್ಲ.

ವರ್ನಾ, ನನ್ನನ್ನು ಮದುವೆಯಾಗುತ್ತೀಯಾ?

ಓಡೆಲ್ ಪ್ರೂಯಿಟ್


ಗ್ಲೆಂಡೇಲ್
೧ ಆಗಸ್ಟ್ ೧೯೬೯

ಪ್ರೀತಿಯ ಓಡೆಲ್,

ಹೌದು.

ನಿನಗೆ ಬರೆಯುವುದಕ್ಕೆ ಮೊದಲು ಉಳಿದವರಿಗೆ ಹೇಳಿ ಬಂದೆ, ಅದಕ್ಕೇ ಕಾಗದ ಎರಡು ದಿನ ತಡ. ಮೊದಲು ಇಡಾಗೆ ಹೇಳಿದೆ. ಅವಳು ಕೈಯಲ್ಲಿದ್ದ ಪಿಂಗಾಣಿ ಬಟ್ಟಲು ಕೆಳಗಿಟ್ಟು, "ಈ ವಯಸ್ಸಲ್ಲಾ? ಅವ್ನನ್ನಾ? ಜನ ಏನಂತಾರೆ ಅಕ್ಕಾ?" ಅಂದಳು.

"ಅದನ್ನ ಕೇಳೋಣ ಅಂತಾನೇ ಎಲ್ರಿಗೂ ಹೇಳ್ಕೊಂಡ್ ಬರ್ತಿದೀನಿ," ಅಂದೆ.

ಆಮೇಲೆ ಅಂಚೆಯವನಿಗೆ ಹೇಳಿದೆ, ಚರ್ಚಿನ ಮೆಟ್ಟಿಲ ಮೇಲೆ ಪಾದ್ರಿಗೆ ಹೇಳಿದೆ, ಮಾಂಸದಂಗಡಿಯ ಸರದಿಯಲ್ಲಿ ನಿಂತಿದ್ದ ಗುರುತಿಲ್ಲದವಳಿಗೂ ಹೇಳಿದೆ. ಕ್ಲೈಡ್‌ಗೆ ಹೇಳಿದಾಗ ಅವನು ಮೊದಲ ಸಲ ಕತ್ತು ಇಳಿಸಿ ನನ್ನ ಮುಖ ನೋಡಿದ. ಯಾರೂ ನಗಲಿಲ್ಲ. ನಗದ ಜನಕ್ಕೆ ಹೆದರಿ ಇಷ್ಟು ವರ್ಷ ಕಳೆದೆನಲ್ಲ ಎಂದು ದಾರಿಯಲ್ಲಿ ಬಿಕ್ಕಿದೆ. ಒಂದು ಪಕ್ಷ ನಕ್ಕಿದ್ದರೂ ಏನಾಗುತ್ತಿತ್ತು ಎಂದು ಮನೆಗೆ ಬಂದ ಮೇಲೆ ಅನ್ನಿಸಿತು.

ಹೊಲಿಗೆ ಯಂತ್ರ ರೈಲಿನಲ್ಲಿ ಬರುತ್ತದೆ, ನಾನು ಬಸ್ಸಿನಲ್ಲಿ ಬರುತ್ತೇನೆ. ಹದಿನಾಲ್ಕನೇ ತಾರೀಖು ಟ್ಯಾಂಪಾ ನಿಲ್ದಾಣ. ಬಾರ್ಟ್‌ನನ್ನೂ ಕರೆದುಕೊಂಡು ಬಾ, ಪೆಟ್ಟಿಗೆ ಭಾರವಿದೆ.

ನಿನ್ನ ಮನೆಯ ಒಲೆ ಎಷ್ಟು ಎತ್ತರಕ್ಕಿದೆ ಎಂದು ನೀನು ಬರೆದಿಲ್ಲ. ನಿನ್ನ ಅಳತೆಗೇ ಇರಬೇಕು. ನಾನು ಬರುತ್ತೇನೆಂದು ಅದನ್ನು ಕಿತ್ತು ಎತ್ತರ ಮಾಡಿಸಲು ಹೋಗಬೇಡ, ನಿನ್ನ ಬುದ್ಧಿ ನನಗೆ ಗೊತ್ತು. ಹಾಗೇ ಇರಲಿ. ನಾನು ಕುರ್ಚಿ ಹಾಕಿಕೊಂಡು ಕೂತು ಅಡಿಗೆ ಮಾಡುತ್ತೇನೆ.

ವರ್ನಾ